ನನ್ನ ಮಗಳನ್ನು ನಿಮ್ಮ ಶೇಕಡಾ ತೊಂಬತ್ತಾರರಿಂದ ಕಳೆದುಬಿಡಿ

ಮಾನ್ಯ ಪ್ಲೇಸ್‌ಮೆಂಟ್ ಸೆಲ್ ಮುಖ್ಯಸ್ಥರೇ,

ನಿಮ್ಮ ಕಾಲೇಜಿನ ಈ ವರ್ಷದ ಪುಸ್ತಿಕೆಯಲ್ಲಿ, ‘ಶೇಕಡಾ ತೊಂಬತ್ತಾರು ಪದವೀಧರರಿಗೆ ಉದ್ಯೋಗ’ ಎಂಬ ದಪ್ಪಕ್ಷರದ ಕೆಳಗೆ ಹೂಗುಚ್ಛ ಹಿಡಿದು ನಗುತ್ತಿರುವ ಹುಡುಗಿ ನನ್ನ ಮಗಳು ಮಾನಸಿ. ನವಿ ಮುಂಬಯಿಯ ಔಷಧ ಕಂಪನಿಯೊಂದರಲ್ಲಿ ಆಕೆ ‘ಗುಣಮಟ್ಟ ವಿಶ್ಲೇಷಕಿ’ ಎಂದು ಬರೆದಿದ್ದೀರಿ. ಆ ಕಂಪನಿಯ ಗೇಟು ದಾಟಿ ಅವಳು ಇಂದಿನವರೆಗೆ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಇದು ತಮಗೆ ಗೊತ್ತು. ನಾನೇ ಬಂದು ಹೇಳಿದ್ದೇನೆ. ಆದರೂ ಕಳೆದ ತಿಂಗಳು ಡೊಂಬಿವಲಿಯ ನಮ್ಮ ಕನ್ನಡ ಸಂಘದ ವೇದಿಕೆಯಲ್ಲಿ ನಿಂತು, ಅದೇ ಪುಸ್ತಿಕೆಯನ್ನು ಎತ್ತಿ ಹಿಡಿದು, ನಮ್ಮಲ್ಲಿ ಓದಿದ ಮಕ್ಕಳು ಮನೆಯಲ್ಲಿ ಕೂರುವುದಿಲ್ಲ ಎಂದು ಅಚ್ಚ ಕನ್ನಡದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದಿರಿ. ಮೂರನೆಯ ಸಾಲಿನಲ್ಲಿದ್ದ ನಾನು ತಟ್ಟಲಿಲ್ಲ. ಮಾತು ಕನ್ನಡದಲ್ಲಿ ಬಂದದ್ದರಿಂದ ಉತ್ತರವೂ ಕನ್ನಡದಲ್ಲೇ ಹೋಗಲಿ, ಅಂದು ಚಪ್ಪಾಳೆ ತಟ್ಟಿದವರೂ ಓದಲಿ ಎಂದು ಈ ಪತ್ರ.

ನಿಮ್ಮ ಮಾತು ಪೂರ್ತಿ ಸುಳ್ಳಲ್ಲ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಮಾನಸಿ ಮನೆಯಲ್ಲಿ ಕೂತಿರಲಿಲ್ಲ. ಸೀವುಡ್ಸಿನ ಮಾಲ್ ಒಂದರಲ್ಲಿ ದಿನಕ್ಕೆ ಒಂಬತ್ತು ಗಂಟೆ ನಿಂತೇ ಇದ್ದಳು. ಆ ಕತೆಯನ್ನು ಪುಸ್ತಿಕೆಯಲ್ಲಿ ಅಚ್ಚು ಹಾಕಲು ತಮಗೆ ಜಾಗ ಸಾಲಲಿಲ್ಲವಾದ್ದರಿಂದ ನಾನು ಹೇಳುತ್ತೇನೆ.

ಅವಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ, ಜನವರಿಯಲ್ಲಿ, ಆ ಔಷಧ ಕಂಪನಿಯವರು ಕಾಲೇಜಿಗೆ ಬಂದರು. ಹನ್ನೊಂದು ಮಕ್ಕಳಿಗೆ ಆಫರ್ ಲೆಟರ್ ಕೊಟ್ಟರು. ಸೇರುವ ತಾರೀಖನ್ನು ಆಮೇಲೆ ತಿಳಿಸುತ್ತೇವೆ ಎಂದು ಅದರ ಕೊನೆಯ ಸಾಲಿನಲ್ಲಿತ್ತು. ಆ ಸಾಲನ್ನು ನಾವು ಯಾರೂ ಸರಿಯಾಗಿ ಓದಲಿಲ್ಲ. ನನ್ನ ಗಂಡ ವಸಂತಕುಮಾರ ನೌಪಾಡಾದಿಂದ ಒಂದು ಕಿಲೋ ಪೇಡೆ ತಂದು ಬಿಲ್ಡಿಂಗಿನ ನಾಲ್ಕೂ ಮಾಳಿಗೆಗೆ ಹಂಚಿದರು.

ಮಾರ್ಚಿನಲ್ಲಿ ಥಾಣೆಯ ದೊಡ್ಡ ರಕ್ತಪರೀಕ್ಷೆಯ ಲ್ಯಾಬ್ ಒಂದು ಬಂತು. ಮಾನಸಿಗೆ ನಿಜವಾಗಿ ಬೇಕಿದ್ದದ್ದು ಅದೇ. ಸೂಕ್ಷ್ಮದರ್ಶಕದ ಮುಂದೆ ಕೂತರೆ ಊಟ ಮರೆಯುವ ಹುಡುಗಿ ಅವಳು. ಹೆಸರು ಕೊಡಲು ನಿಮ್ಮ ಕಚೇರಿಗೆ ಬಂದಳು. ಒಬ್ಬರಿಗೆ ಒಂದೇ ಕೆಲಸ ಎಂಬುದು ಕಾಲೇಜಿನ ನಿಯಮ, ನಿನಗಾಗಲೇ ಸಿಕ್ಕಿದೆ, ಉಳಿದವರಿಗೆ ಬಿಟ್ಟುಕೊಡು ಎಂದು ತಾವು ಬುದ್ಧಿ ಹೇಳಿ ಕಳಿಸಿದಿರಿ. ನ್ಯಾಯವಾದ ಮಾತು. ನಾನೂ ಮಗಳಿಗೆ ಅದನ್ನೇ ಹೇಳಿದೆ.

ಆ ಕೆಲಸ ಅವಳ ಗೆಳತಿ ಜ್ಯೋತಿಗೆ ಸಿಕ್ಕಿತು. ಜ್ಯೋತಿಯ ತಂದೆ ಚಂದ್ರಾಮ ವಿಜಯಪುರದ ಕಡೆಯವರು, ಕಲ್ಯಾಣದಲ್ಲಿ ಲಾರಿಗಳಿಂದ ಮಾಲು ಇಳಿಸುತ್ತಾರೆ. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಜ್ಯೋತಿ ಒಬ್ಬಳೇ. ಅವಳಿಗೆ ಸಿಕ್ಕಿದ್ದಕ್ಕೆ ನಮ್ಮ ಮನೆಯಲ್ಲಿ ಯಾರಿಗೂ ಹೊಟ್ಟೆಕಿಚ್ಚಿರಲಿಲ್ಲ. ಜುಲೈ ಒಂದಕ್ಕೆ ಅವಳು ಕೆಲಸಕ್ಕೆ ಸೇರಿದಳು. ಮಾನಸಿ ತಾರೀಖಿಗಾಗಿ ಕಾಯುತ್ತ ಕೂತಳು.

ಗಣಪತಿ ಬಂದು ಹೋದ, ನವರಾತ್ರಿ ಹೋಯಿತು. ಕಂಪನಿಗೆ ಫೋನ್ ಮಾಡಿದರೆ ಮುಂದಿನ ವಾರ ಎನ್ನುತ್ತಿದ್ದರು, ನಿಮ್ಮ ಕಚೇರಿಗೆ ಮಾಡಿದರೆ ಕಂಪನಿಯನ್ನೇ ಕೇಳಿ ಎನ್ನುತ್ತಿದ್ದಿರಿ. ಅಕ್ಟೋಬರಿನಲ್ಲಿ ಕಂಪನಿಯ ಹುಡುಗಿಯೊಬ್ಬಳು, ಪಾಪ, ಬಾಯಿಬಿಟ್ಟಳು: ಆ ವಿಭಾಗವನ್ನೇ ಮುಚ್ಚಿದ್ದಾರೆ, ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಮಾನಸಿ ಅಂದು ಅಳಲಿಲ್ಲ. ಆಫರ್ ಲೆಟರನ್ನು ಫೈಲಿನಿಂದ ತೆಗೆದು ಮಡಚಿ, ಹಳೇ ನೋಟ್‌ಬುಕ್ಕಿನೊಳಗೆ ಇಟ್ಟಳು. ದೀಪಾವಳಿಯ ಹೊತ್ತಿಗೆ ಸೀವುಡ್ಸಿನ ಸೆಂಟಿನ ಅಂಗಡಿಗೆ ಜನ ಬೇಕಾಗಿದ್ದರು, ಹೋಗಿ ಸೇರಿಕೊಂಡಳು. ಹೋಗಿಬರುವವರ ಮಣಿಕಟ್ಟಿಗೆ ಸೆಂಟು ಸಿಂಪಡಿಸಿ, ವಾಸನೆ ನೋಡಿ ಮೇಡಂ ಎನ್ನುವುದು ಅವಳ ಪದವಿಯ ಪ್ರಯೋಜನವಾಯಿತು.

ಫೆಬ್ರವರಿಯಲ್ಲಿ ನಿಮ್ಮ ಸಮೀಕ್ಷೆಯ ಫೋನ್ ಬಂತು. ಕೆಲಸವೇ, ಮುಂದಿನ ಓದೇ, ಸ್ವಂತ ಉದ್ಯಮವೇ? ಮೂರೇ ಕಾಲಂ. ಕಂಪನಿ ಕೈಕೊಟ್ಟಿತು, ಈಗ ಅಂಗಡಿಯಲ್ಲಿದ್ದೇನೆ ಎಂದು ಅವಳು ಸತ್ಯವನ್ನೇ ಹೇಳಿದಳು. ಅಂದರೆ ಕೆಲಸ ಇದೆ ತಾನೇ ಎಂದು ಆ ಕಡೆಯವರು ಗುರುತು ಹಾಕಿಕೊಂಡರು. ಏಪ್ರಿಲಿನಲ್ಲಿ ಪುಸ್ತಿಕೆ ಬಂತು. ಅದರಲ್ಲಿ ಮಗಳ ಫೋಟೋ ಕಂಡ ಮೇಲೆ ನನಗೊಂದು ಸಂಶಯ ಹತ್ತಿದೆ: ನಿಮ್ಮ ತೊಂಬತ್ತಾರರಲ್ಲಿ ಇಂಥವರು ಇನ್ನೆಷ್ಟು? ಡೆಲಿವರಿ ಚೀಲ ಹೊತ್ತವರು ‘ಸಾಗಣೆ ಕ್ಷೇತ್ರ’ದಲ್ಲಿದ್ದಾರೆಯೇ? ಅಪ್ಪನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತವರು ಉದ್ಯಮಿಗಳೇ? ಮದುವೆಯಾಗಿ ಹೋದವರನ್ನು ಯಾವ ಕಾಲಮಿನಲ್ಲಿ ಹಾಕಿದಿರಿ, ಮುಂದಿನ ಓದಿನಲ್ಲೋ?

ಮೇ ತಿಂಗಳಲ್ಲಿ ಜ್ಯೋತಿ ನಮ್ಮ ಮನೆಗೆ ಬಂದಳು. ತನ್ನ ಲ್ಯಾಬಿನಲ್ಲಿ ಒಂದು ಜಾಗ ಖಾಲಿಯಾಗಿದೆ, ಆದರೆ ಅವರು ಹೊಸಬರನ್ನು ಕಾಲೇಜು ಕಳಿಸುವ ಪಟ್ಟಿಯಿಂದಲೇ ತೆಗೆದುಕೊಳ್ಳುತ್ತಾರೆ, ಪಟ್ಟಿಯಲ್ಲಿ ಮಾನಸಿಯ ಹೆಸರು ಹಾಕಿಸಿ ಎಂದಳು. ಚಹಾದ ಲೋಟ ಕೆಳಗಿಟ್ಟು ಮೆಲ್ಲಗೆ ಮತ್ತೊಂದು ಮಾತು ಹೇಳಿದಳು.

“ಆಂಟಿ, ನಾ ಈಗ ಕೂಡೋ ಕುರ್ಚಿ ಆಕೀದರೀ. ಆಕಿ ನನಗಿಂತ ಶಾಣ್ಯಾಕಿ ಅಂತ ನನಗ ಗೊತ್ತೈತಿ.”

ಮಾನಸಿ ಅವಳ ಬೆನ್ನಿಗೊಂದು ಗುದ್ದಿ, ಹುಚ್ಚಿಯ ಹಾಗೆ ಮಾತಾಡಬೇಡ ಎಂದು ಹಿಂದಿಯಲ್ಲಿ ಗದರಿದಳು. ಮರುದಿನ ನಾನು ನಿಮ್ಮ ಕಚೇರಿಗೆ ಬಂದೆ. ಒಂದೂವರೆ ಗಂಟೆ ಕಾಯಿಸಿದ ಮೇಲೆ ತಾವು ಬಹಳ ಮರ್ಯಾದೆಯಿಂದ ಮಾತಾಡಿಸಿದಿರಿ. ಊರು ಯಾವುದೆಂದು ಕೇಳಿದಿರಿ, ಕಾಪು ಎಂದಾಗ ಅಲ್ಲಿಯ ದೀಪಸ್ತಂಭವನ್ನು ನೆನೆದಿರಿ. ವಿಷಯಕ್ಕೆ ಬಂದಾಗ ಮಾತ್ರ ತಮ್ಮ ಕೈ ಕಂಪ್ಯೂಟರಿನ ಕಡೆ ಹೋಯಿತು.

“ನೋಡಿ ಅಮ್ಮ, ದಾಖಲೆಯಲ್ಲಿ ನಿಮ್ಮ ಮಗಳು ಕೆಲಸದಲ್ಲಿದ್ದಾಳೆ. ಕೆಲಸದಲ್ಲಿ ಇರುವವರ ಹೆಸರನ್ನು ನಾವು ಕಳಿಸುವ ಹಾಗಿಲ್ಲ.”

“ಆ ಕೆಲಸವೇ ಇಲ್ಲವಲ್ಲ ಸರ್. ಇಲ್ಲ ಅಂತ ತಿದ್ದಿ.”

“ಒಬ್ಬರದು ತಿದ್ದಿದರೆ ಹನ್ನೊಂದು ಜನರದೂ ತಿದ್ದಬೇಕಾಗುತ್ತದೆ” ಎಂದಿರಿ ತಾವು.

ಹೌದು, ತಿದ್ದಬೇಕಾಗುತ್ತದೆ. ಅದನ್ನು ಒಂದು ಕಷ್ಟವೆಂಬಂತೆ ಯಾಕೆ ಹೇಳಿದಿರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಇಲ್ಲದ ಕೆಲಸವೊಂದು, ಇರುವ ಕೆಲಸವನ್ನು ಎರಡು ಸಲ ಅವಳ ಕೈಯಿಂದ ತಪ್ಪಿಸಿತು. ಉದ್ಯೋಗ ಕೊಡಿಸುವ ವಿಭಾಗಕ್ಕೆ ಇದಕ್ಕಿಂತ ದೊಡ್ಡ ಸಾಧನೆ ಬೇಕೇ? ನಿಜವಾಗಿ ನಿರುದ್ಯೋಗಿಯಾಗಲಿಕ್ಕೂ ಕಾಲೇಜಿನ ಒಪ್ಪಿಗೆ ಬೇಕೆಂದು ನನಗೆ ಗೊತ್ತಿರಲಿಲ್ಲ.

ನಾನು ಬರಿಗೈಯಲ್ಲಿ ಮನೆಗೆ ಬಂದೆ. ಮಾರನೆಯ ವಾರದಿಂದ ಮಾನಸಿ, ಅಂಗಡಿಗೆ ರಜೆ ಇದ್ದ ದಿನಗಳಲ್ಲಿ, ಡೊಂಬಿವಲಿಯಿಂದ ಥಾಣೆಯವರೆಗೆ ಒಂದೊಂದೇ ಸ್ಟೇಷನ್ನಿನಲ್ಲಿ ಇಳಿದು, ಬೋರ್ಡು ಕಂಡಲ್ಲೆಲ್ಲ ಒಳಗೆ ಹೋಗಿ ಕೇಳಿದಳು. ಒಂಬತ್ತು ಲ್ಯಾಬಿನವರು ನೋಡೋಣ ಎಂದರು. ಹತ್ತನೆಯದು ಮುಂಬ್ರಾದಲ್ಲಿ, ಔಷಧದಂಗಡಿಯ ಮೇಲಿನ ಎರಡು ಕೋಣೆಗಳ ಪುಟ್ಟ ಲ್ಯಾಬ್. ಅದರ ವಯಸ್ಸಾದ ಡಾಕ್ಟರು ಆಫರು, ಪಟ್ಟಿ, ಪತ್ರ ಯಾವುದನ್ನೂ ಕೇಳಲಿಲ್ಲವಂತೆ. ಸೂಕ್ಷ್ಮದರ್ಶಕದ ಕೆಳಗೆ ಒಂದು ಸ್ಲೈಡ್ ಇಟ್ಟು, ಏನು ಕಾಣುತ್ತದೆ ಹೇಳು ಎಂದರಂತೆ. ಅವಳು ಹೊತ್ತು ತೆಗೆದುಕೊಂಡು ನೋಡಿ, ಮಲೇರಿಯಾ ಎಂದಳು. ಸೋಮವಾರ ಬಾ ಎಂದರು.

ಅಂದು ಮನೆಗೆ ಬಂದವಳು ಚಪ್ಪಲಿಯನ್ನೂ ಕಳಚದೆ ಬಾಗಿಲಲ್ಲೇ ನಿಂತು ಇಷ್ಟನ್ನೂ ತುಳುವಿನಲ್ಲಿ ಹೇಳಿದಳು. ಆಮೇಲೆ ಅತ್ತಳು. ಒಂದು ವರ್ಷದ್ದನ್ನು ಒಟ್ಟಿಗೇ ಅತ್ತಳು.

ಹೋದ ವಾರ ನಿಮ್ಮ ಕಚೇರಿಯಿಂದ ಅವಳಿಗೊಂದು ಸಂದೇಶ ಬಂದಿದೆ. ಹೊಸ ಪುಸ್ತಿಕೆಗೆ ಸದ್ಯ ಎಲ್ಲಿದ್ದೀರಿ ಎಂದೂ, ನಿಮ್ಮ ಯಶಸ್ಸಿಗೆ ಕಾಲೇಜು ಹೇಗೆ ಕಾರಣ ಎಂದೂ ಎರಡು ವಾಕ್ಯ ಬರೆದು ಕಳಿಸಬೇಕಂತೆ. ಅವಳು ಕಳಿಸಿದ್ದಾಳೆ: “ನಾನು ಮುಂಬ್ರಾದ ಒಂದು ಲ್ಯಾಬಿನಲ್ಲಿದ್ದೇನೆ. ಅಲ್ಲಿಗೆ ನನ್ನನ್ನು ಯಾರೂ ಕಳಿಸಿದ್ದಲ್ಲ.” ಉತ್ತರವಾಗಿ ನಿಮ್ಮವರಿಂದ ಒಂದು ಹೆಬ್ಬೆರಳಿನ ಚಿತ್ರ ಬಂತು.

ಇಷ್ಟೇ ಆಗಿದ್ದರೆ, ಮಗಳ ದಾರಿ ಅವಳಿಗಾಯಿತು ಎಂದು ನಾನು ಸುಮ್ಮನಿರುತ್ತಿದ್ದೆ. ಆದರೆ ಮೊನ್ನೆ ಮುಂಬ್ರಾ ಸ್ಟೇಷನ್ನಿನಲ್ಲಿ ಮಾನಸಿಗೆ ಕುಶಲ ಸಿಕ್ಕಿದ. ಅವಳ ತರಗತಿಯವನು, ಆ ಹನ್ನೊಂದರಲ್ಲಿ ಒಬ್ಬ. ನಿನಗೆ ಸೇರುವ ತಾರೀಖು ಬಂತಾ ಎಂದು ಅವನೇ ಕೇಳಿದನಂತೆ. ಒಪ್ಪಿದ ಮೇಲೆ ಬೇರೆ ಕಡೆ ಹೋಗುವುದು ಶಿಸ್ತಲ್ಲ ಎಂದು ನೀವು ಹೇಳಿದ್ದನ್ನು ನಂಬಿ, ಸಿಕ್ಕ ಎರಡು ಕೆಲಸ ಬೇಡವೆಂದಿದ್ದಾನೆ. ಪದವಿ ಮುಗಿದು ಹದಿನೈದು ತಿಂಗಳಾಯಿತು. ಮಾನಸಿ ನಿಜ ಹೇಳಿದರೂ ನಂಬಲಿಲ್ಲ. ಕಾಲೇಜಿನವರು ಹಾಗಂತ ಹೇಳಿಲ್ಲವಲ್ಲ ಎಂದನಂತೆ.

ನನ್ನ ಬೇಡಿಕೆ ಇಷ್ಟೇ. ಮಾನಸಿಯ ಫೋಟೋ ತೆಗೆಯಿರಿ. ನಿಮ್ಮ ಸಮೀಕ್ಷೆಗೆ ‘ಕಾಯುತ್ತಿದ್ದೇನೆ’ ಎಂಬ ನಾಲ್ಕನೆಯ ಕಾಲಂ ಸೇರಿಸಿ. ಅದಕ್ಕೂ ಮೊದಲು, ನಾಳೆಯೇ, ಕುಶಲನಿಗೆ ಕಾಲೇಜಿನ ಮೊಹರು ಹಾಕಿದ ಒಂದು ಕಾಗದ ಬರೆಯಿರಿ: ಆ ಕೆಲಸ ಇಲ್ಲ, ನೀನು ಬೇರೆ ಹುಡುಕಬಹುದು, ತಪ್ಪು ನಿನ್ನದಲ್ಲ. ನಿಮ್ಮ ಶೇಕಡಾವಾರು ಕೊಂಚ ಇಳಿಯುತ್ತದೆ. ಇಳಿಯಲಿ. ಆ ಹುಡುಗ ನಿಮ್ಮ ಮಾತನ್ನು ಮಾತ್ರ ನಂಬುತ್ತಾನೆ.

ಇಂತಿ,
ಜಯಲತಾ ವಸಂತಕುಮಾರ, ಡೊಂಬಿವಲಿ ಪೂರ್ವ
(ಬಿ.ಎ., ಪ್ರಥಮ ದರ್ಜೆ. ಪದವಿ ಮುಗಿಸಿ ಏನು ಮಾಡುತ್ತಿದ್ದೀರಿ ಎಂದು ಇಪ್ಪತ್ತಾರು ವರ್ಷಗಳಿಂದ ಯಾರೂ ಫೋನ್ ಮಾಡಿ ಕೇಳಿಲ್ಲದವಳು)