ಹತ್ತಕ್ಕೆ ತಿರುಗಿಸಿದ ಕೈ

ಎದೆರೋಗ ವಾರ್ಡಿನ ನರ್ಸುಗಳ ಕೋಣೆಯಿಂದ,
ಗುರುವಾರ, ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯೇ? ಹೊಲಿಗೆ ಮೆಷಿನ್ ಮುಂದೆ ಕೂತು ಕೂತು ಹಿಡಿದುಕೊಂಡಿದ್ದ ಕತ್ತು ಬಿಟ್ಟಿತಾ? ತೆಳ್ಳಗಿನ ದಿಂಬು ಹಾಕ್ಕೋ ಅಂದಿದ್ದೆ, ನೀನೆಲ್ಲಿ ಕೇಳ್ತೀಯ. ಅಮ್ಮ ಚೆನ್ನಾಗಿದ್ದಾಳೆ. ಮೆಟ್ಟಿಲು ಹತ್ತುವಾಗ ತಾನು ಹಿಂದೆ ಬಿದ್ದರೆ ಮಾತ್ರ, ನಿನಗೇನೇ ಅಷ್ಟು ಅವಸರ ಅಂತ ನನ್ನನ್ನೇ ಬೈತಾಳೆ. ಇನ್ನು ವಿಷಯಕ್ಕೆ ಬರ್ತೀನಿ. ನಿಂತಿದ್ದರೆ ಕೂತ್ಕೊಂಡು ಓದು.

ಗಡಿಯಾರ ಮೇಡಂ ನನ್ನ ವಾರ್ಡಿಗೆ ಬಂದಿದ್ದಾಳೆ. ಏಳನೇ ಹಾಸಿಗೆ. ಹೌದು, ಅವಳೇ. ಎಡಗೈ ಗಡಿಯಾರ ನೋಡ್ತಾ ನೋಡ್ತಾ ನಿಮಗೆಲ್ಲ ನರ್ಸಿಂಗ್ ಕಲಿಸಿದವಳು, ನಿನ್ನನ್ನು ಮೂರನೇ ವರ್ಷದಲ್ಲಿ ಪೆಟ್ಟಿಗೆ ಸಮೇತ ಮನೆಗೆ ಕಳಿಸಿದವಳು. (ಬಹುವಚನ ಬಾಯಿಗೆ ಬರ್ತಿಲ್ಲ, ಬೈಬೇಡ.) ಈಗ ಅವಳ ಶ್ವಾಸಕೋಶ ಸೋತುಹೋಗಿದೆ. ಎದುರಿನ ಮೇಜಿನ ಮೇಲೆ ದಿಂಬಿಟ್ಟು, ಅದರ ಮೇಲೆ ಮೊಣಕೈ ಊರಿ, ಮುಂದಕ್ಕೆ ಬಾಗಿ ಕೂತು, ತುಟಿ ಕಿರಿದು ಮಾಡಿ ಉಸಿರು ಬಿಡ್ತಾಳೆ. ಉಗುರೆಲ್ಲ ನೀಲಿ. ನಾನು ನಿನ್ನ ತಂಗಿ ಅಂತ ಅವಳಿಗೆ ಗೊತ್ತಾಗಲಿಲ್ಲ, ನಾನೂ ಹೇಳಲಿಲ್ಲ.

ಮೊದಲ ಎರಡು ವಾರ ಸೇಡು ಹೇಗೆ ತೀರಿಸಿಕೊಂಡೆ ಗೊತ್ತಾ? ಒಂದೇ ಒಂದು ತಪ್ಪೂ ಮಾಡದೆ. ನಾಡಿ ನೋಡುವವಳ ಹಾಗೆ ಕೈ ಹಿಡಿದು, ಅವಳಿಗೆ ತಿಳಿಯದ ಹಾಗೆ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದೆ. ಆಕ್ಸಿಜನ್ ಟ್ಯೂಬ್ ಉಜ್ಜಿ ಕಿವಿ ಹಿಂದೆ ಹುಣ್ಣಾಗದ ಹಾಗೆ ಹತ್ತಿ ಇಟ್ಟೆ. ತುಟಿ ಒಡೆದಿದೆ, ವ್ಯಾಸಲೀನ್ ಕೊಡು ಅಂದಳು. ಆಕ್ಸಿಜನ್ ಹತ್ತಿರ ಜಿಡ್ಡು ಸೇರಿಸಬಾರದು ಮೇಡಂ, ಬೆಂಕಿಗೆ ದಾರಿ ಅಂದೆ. ಗೋಡೆಯ ಆಕ್ಸಿಜನ್ ಮೀಟರಿನಲ್ಲಿ ಗುಂಡು ಎರಡು ಲೀಟರಿನ ಗೆರೆ ಮೇಲೆ ನಿಂತಿತ್ತು. ದಿನಕ್ಕೆ ಇಪ್ಪತ್ತು ಸಲ “ಸ್ವಲ್ಪ ಜಾಸ್ತಿ ಮಾಡಮ್ಮಾ” ಅಂತ ಬೇಡ್ತಿದ್ದಳು. “ಆಗಲ್ಲ ಮೇಡಂ” ಅನ್ನುವಾಗ ಎಂಥಾ ಹಿತ ಅಂತೀಯ! ಆ ಒಂದು ಮಾತು ಹೇಳೋಕೆ ರಜೆಯ ದಿನ ಕೂಡ ಕೆಲಸಕ್ಕೆ ಬಂದೆ ಕಣೇ.

ನಿನ್ನ ಮೂರನೇ ವರ್ಷದ ವಾರ್ಡಿನಲ್ಲಿದ್ದ ಆ ಬಡಗಿ ತಾತನ ಮುಖ ನಿನಗೆ ಇವತ್ತಿಗೂ ಮರೆತಿರಲ್ಲ. ಅವನಿಗೂ ಇದೇ ಕಾಯಿಲೆ, ಅವನಿಗೂ ಎರಡೇ ಲೀಟರ್. ಅವನು ಏದುಸಿರು ಬಿಡೋದು ನೋಡಲಾರದೆ ಇವಳು ಹತ್ತಕ್ಕೆ ತಿರುಗಿಸಿ ಮೀಟಿಂಗಿಗೆ ಹೋದಳು. ನೀನು ಬಂದು ನೋಡುವಷ್ಟರಲ್ಲಿ ಆಕ್ಸಿಜನ್ ಅತಿಯಾಗಿ, ಹೊರಗೆ ಹೋಗಬೇಕಾದ ಕೆಟ್ಟ ಗಾಳಿ ರಕ್ತದಲ್ಲೇ ತುಂಬಿಕೊಂಡು ತಾತ ಮಂಪರಿಗೆ ಹೋಗಿದ್ದ. ಕೂಗಿದ್ದು ನೀನು, ಗುಂಡು ಇಳಿಸಿದ್ದು ನೀನು, ಡಾಕ್ಟರನ್ನು ಕರೆತಂದದ್ದೂ ನೀನೇ. ಮೂರನೇ ದಿನ ತಾತ ಹೋದ. ಚಾರ್ಟಿನಲ್ಲಿ ಮಾತ್ರ ‘ವಿದ್ಯಾರ್ಥಿನಿ ಹೆಚ್ಚಿಸಿದ್ದಾಳೆ’ ಅಂತ ಇವಳ ಅಕ್ಷರ. ಹನ್ನೊಂದು ವರ್ಷ ನೀನು ಬೇರೆಯವರ ಬಟ್ಟೆಗೆ ಗುಂಡಿ ಹಚ್ಚಿದೆ.

ಮೊನ್ನೆ ಮಂಗಳವಾರ ಆರು ಜನ ವಿದ್ಯಾರ್ಥಿನಿಯರು ಬಂದರು. ಬೇಕಂತಲೇ ಏಳನೇ ಹಾಸಿಗೆ ಸುತ್ತ ನಿಲ್ಲಿಸಿದೆ. ಈ ಕಾಯಿಲೆಯವರಿಗೆ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಕ್ಸಿಜನ್, ನೂರಕ್ಕೆ ಎಂಬತ್ತೆಂಟರಿಂದ ತೊಂಬತ್ತೆರಡು ಇದ್ದರೆ ಸಾಕು, ನೂರರ ಆಸೆಗೆ ಬೀಳಬಾರದು ಅಂದೆ. ಆಮೇಲೆ ಅವಳ ಕಡೆ ತಿರುಗಿ, “ಮೇಡಂ, ಬಿದ್ದರೆ ಏನಾಗುತ್ತೆ, ನೀವೇ ಹೇಳಿಕೊಡಿ. ಬಡಗಿ ತಾತನಿಗೆ ಏನಾಯ್ತು? ಹತ್ತಕ್ಕೆ ತಿರುಗಿಸಿದ್ದು ಯಾರ ಕೈ? ನಾನು ಆ ಹುಡುಗಿಯ ತಂಗಿ” ಅಂದೆ. ಅವಳ ಕಣ್ಣು ಹುಡುಗಿಯರ ಮುಖದ ಮೇಲೆಲ್ಲ ಓಡಾಡಿತು. ಬಹಳ ಹೊತ್ತಾದ ಮೇಲೆ “ನನ್ನದೇ” ಅಂದಳು.

ಸಂಜೆ ಡಾಕ್ಟರ ಮುಂದೆ ಉಸಿರು ಸುಧಾರಿಸಿಕೊಂಡು ಎಲ್ಲವನ್ನೂ ಮತ್ತೆ ಹೇಳಿದಳು. ಬರೆಸಿದೆವು, ಸಹಿ ಹಾಕಿದಳು. ಪ್ರತಿ ಇದರ ಜೊತೆಗಿದೆ. ಇದನ್ನು ಹಿಡಿದು ಕಾಲೇಜಿಗೆ ಹೋಗು. ನಿನ್ನ ಹೆಸರಿನ ಮೇಲಿನ ಕಪ್ಪು ಅವರೇ ಒರೆಸಲಿ. ಕ್ಷಮೆ ಕೇಳ್ತಾಳಂತೆ, ನಿನ್ನನ್ನು ನೋಡಬೇಕಂತೆ. ಅಕ್ಕ ಬರಲ್ಲ ಅಂತ ನಾನೇ ಹೇಳಿಬಿಟ್ಟೆ. ಬರೋದಾದ್ರೆ ನಿನ್ನಿಷ್ಟ.

ಅಮ್ಮ ಆಶೀರ್ವಾದ ಹೇಳಿದ್ದಾಳೆ. ಕತ್ತು ಜೋಪಾನ.

ನಿನ್ನ ತಂಗಿ

ತಾ.ಕ.: ಒಂದು ಬಿಟ್ಟೆ. “ನನ್ನದೇ” ಅನ್ನೋ ಮುಂಚೆ ಅವಳ ಟ್ಯೂಬ್ ಮೂಗಿನಿಂದ ಜಾರಿ ಗಲ್ಲಕ್ಕೆ ಬಂದಿತ್ತು. ನಾನು ನೋಡಿದೆ. ಸ್ಯಾಚುರೇಶನ್ ಇಳೀತಾ ಹೋಯ್ತು: ಎಂಬತ್ತೆಂಟು, ಎಂಬತ್ತಾರು, ಎಂಬತ್ಮೂರು. ಒಬ್ಬ ಹುಡುಗಿ ಸರಿ ಮಾಡೋಕೆ ಕೈ ಚಾಚಿದಳು. ನಾನು ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದೆ. ಉತ್ತರ ಬಂದ ಮೇಲೇ ಟ್ಯೂಬ್ ಮೂಗಿಗೆ ಹಾಕಿದ್ದು. ಆ ಹುಡುಗಿ ಆಮೇಲೆ ನನ್ನ ಮುಖ ನೋಡಿಲ್ಲ. ತಪ್ಪು ಅವಳ ತಲೆಗೆ ಬರದಿರಲಿ ಅಂತ ನಿನ್ನೆ ಚಾರ್ಟಿನಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆದು ನನ್ನ ಸಹಿ ಹಾಕಿದ್ದೇನೆ. ಸೋಮವಾರ ವಿಚಾರಣೆ, ಕೆಲಸ ಹೋದರೂ ಹೋಗಬಹುದು. ಅಮ್ಮನಿಗೆ ತಿಳಿಸಬೇಡ. ಆ ಮಂಗಳವಾರ ಮತ್ತೆ ಬಂದರೆ ಏನು ಮಾಡ್ತೀಯ ಅಂತ ಮಾತ್ರ ನನ್ನ ಕೇಳಬೇಡ ಅಕ್ಕಾ.