ಬೆಲೆ ಬರೆಯದ ಲಕೋಟೆ

ಮುದಗಲ್
೧೪ ಡಿಸೆಂಬರ್ ೨೦೨೪

ಪ್ರೀತಿಯ ತಂಗಿ ಚಾಂದ್‌ಬೀಗೆ ಅಣ್ಣನ ಸಲಾಮು.

ಮೊಣಕಾಲು ನೋವು ಹೇಗಿದೆ? ನಿನ್ನೆ ನೀನು ಬರದಿದ್ದುದಕ್ಕೆ ಅದೇ ಕಾರಣವೆಂದು ನಮ್ಮ ತಮ್ಮ ನಾಸೀರ್ ನಂಬಿದ್ದಾನೆ, ನಾನು ನಂಬಿಲ್ಲ. ದಿನವಿಡೀ ಹೊಲಿಗೆ ಯಂತ್ರ ತುಳಿಯುವವಳು ಸಿಂಧನೂರಿನಲ್ಲಿ ಬಸ್ಸು ಹತ್ತಲಾರಳೇ? ಇರಲಿ. ಇಲ್ಲಿ ಎಲ್ಲರೂ ಸುಖವಾಗಿದ್ದೇವೆ. ಜೋಳ ಚೆನ್ನಾಗಿ ಎದ್ದಿದೆ, ನಿನ್ನ ಅತ್ತಿಗೆಯ ಸಿಟ್ಟು ಇಳಿದಿದೆ. ಎರಡೂ ಅಲ್ಲಾಹನ ದಯೆ.

ಅಬ್ಬಾ ಬಿಟ್ಟುಹೋದದ್ದು ಈ ಒಂದೇ ಮನೆ. ನಡುವೆ ಗೋಡೆ ಎಬ್ಬಿಸಿದರೆ ಯಾರಿಗೂ ಅಡುಗೆಮನೆ ಉಳಿಯುವುದಿಲ್ಲ. ಅದಕ್ಕೇ ನಾನು ಎಲ್ಲೋ ಓದಿದ್ದ ದಾರಿ ಹಿಡಿದೆವು: ಮನೆ ತನಗೆ ಎಷ್ಟು ಬಾಳುತ್ತದೆಂದು ಮೂವರೂ ಗುಟ್ಟಾಗಿ ಬರೆಯುವುದು, ಹೆಚ್ಚು ಬರೆದವರು ಮನೆ ತೆಗೆದುಕೊಂಡು, ಆ ಬೆಲೆಯಲ್ಲೇ ಉಳಿದವರ ಪಾಲನ್ನು ಹಣವಾಗಿ ಕೊಡುವುದು. ಜಾಣತನಕ್ಕೆ ಕಡಿಮೆ ಬರೆದವನಿಗೆ ಮನೆ ತಪ್ಪುತ್ತದೆ, ಜಂಬಕ್ಕೆ ಹೆಚ್ಚು ಬರೆದವನು ಅಷ್ಟನ್ನೂ ತೆರಬೇಕಾಗುತ್ತದೆ. ನಿನ್ನೆ ಜುಮ್ಮಾ ನಮಾಜು ಮುಗಿಸಿ ಬಂದ ದಾದೇಸಾಬ ಮಾಮಾ ಮೊದಲು ನೀನು ಕಳಿಸಿದ್ದ ಲಕೋಟೆಯನ್ನೇ ಒಡೆದರು. ಒಳಗೆ ಬೆಲೆಯಿಲ್ಲ. ಒಂದೇ ಮಾತು: ‘ಮಾಫ್’.

ನಾಸೀರ್ ಎದ್ದೇ ನಿಂತ. “ಮುಗೀತಲ್ಲ! ಆಪಾ ತನ್ನ ಪಾಲು ಮಾಫ್ ಮಾಡ್ಯಾಳ. ಇನ್ನ ನಾವಿಬ್ರ. ಚಾ ತರ್ರಿ!”

ನನಗೆ ಮೈಯೆಲ್ಲ ಉರಿಯಿತು. ಅಬ್ಬಾ ಮತ್ತು ಅವರ ಅಣ್ಣ ಪಾಲಾದ ದಿನ, ತಮ್ಮ ತಂಗಿ, ನಮ್ಮ ಜುಬೇದಾ ಫುಫುವಿನ ಬಾಯಿಂದ ಇದೇ ಮಾತು ಹೇಳಿಸಿ, ಒಂದು ಸೀರೆ ಕೊಟ್ಟು ಕಳಿಸಿದ್ದನ್ನು ನಾನು ಕಣ್ಣಾರೆ ಕಂಡವನು. ಮಗಳಿಗೆ ಮಗನ ಅರ್ಧ ಎಂದು ಶರೀಯತ್ ಹೇಳಿದೆ, ಸರಿ. ಆ ಅರ್ಧವನ್ನೂ ನುಂಗಿಬಿಡಿ ಎಂದು ಎಲ್ಲಿ ಹೇಳಿದೆ? ಹೀಗೆಂದು ಜೋರಾಗಿಯೇ ಕೇಳಿದೆ. ಮಾಮಾ ಗಡ್ಡ ನೀವಿಕೊಂಡು, “ಲೇ ಮಲೀಕ, ಚಾಂದ್ ಬಾಯಾಗ ಮಾಫ್ ಅನ್ನೂದು ಸಲಾಮ್ ಅಂದಂಗ ಬರ್ತದ. ಕಲಿಸಿದವ್ರು ನಾವ ಅಲ್ಲೇನು?” ಎಂದರು.

ಆಗ ಚಹಾ ತಂದ ನಾಸೀರನ ಹೆಂಡತಿ ಸುಲ್ತಾನಾ ಬಾಗಿಲಲ್ಲೇ ನಿಂತಳು. “ನಾನೂ ಸಂತೆಕಲ್ಲೂರಾಗ ಹಂಗ ಅಂದು ಬಂದೀನ್ರಿ ಮಾಮಾ. ಈಗ ತವರಿಗೆ ಹೋದ್ರ ಅಣ್ಣಂದಿರು ಯಾವಾಗ ಬಂದಿ ಅನ್ನಂಗಿಲ್ಲ, ಯಾವಾಗ ಹೊಂಡ್ತಿ ಅಂತಾರ.”

ನಾಸೀರ್ ಕುಡಿಯದೆಯೇ ಕಪ್ಪು ಕೆಳಗಿಟ್ಟ. ಕೊನೆಗೆ, “ನಮ್ಮಿಬ್ಬರವು ಒಡೀಬ್ಯಾಡ್ರಿ ಮಾಮಾ. ಆಪಾ ಬೆಲೆ ಬರದು ಕಳಿಸ್ಲಿ,” ಎಂದ. ನಮ್ಮ ತಮ್ಮ ಕೆಟ್ಟವನಲ್ಲ ಚಾಂದ್, ಅವಸರದವನು. ನಿನ್ನೆಯ ಊಟ ಬಹಳ ದಿನಗಳ ಮೇಲೆ ರುಚಿಸಿತು.

ಇದರ ಜೊತೆ ಹೊಸ ಲಕೋಟೆ ಇಟ್ಟಿದ್ದೇನೆ. ಅಂಕಿ ಬರೆ. ಮನೆ ನಿನಗೇ ಬಂದರೆ ನಮ್ಮ ಹಣವನ್ನು ನಿಧಾನವಾಗಿ ಕೊಡಬಹುದೆಂದು ಇಬ್ಬರೂ ಮಾಮಾನ ಎದುರು ಒಪ್ಪಿದ್ದೇವೆ. ಬಾರದಿದ್ದರೆ ನಿನ್ನ ಪಾಲಿನ ಹಣ ನಿನ್ನ ಕೈಗೇ. ಮತ್ತೆ ಆ ಮಾತು ಬರೆದರೆ ಮತ್ತೊಂದು ಲಕೋಟೆ ಕಳಿಸುತ್ತೇನೆ, ಅಂಗಡಿಯಲ್ಲಿ ಬೇಕಾದಷ್ಟಿವೆ.

ಮಕ್ಕಳಿಗೆ ನನ್ನ ದುವಾ.

ನಿನ್ನ ಅಣ್ಣ,
ಮಲೀಕಸಾಬ

ತಾ.ಕ.: ಅಂಚೆಗೆ ಹೊರಟವನು ನಿಂತುಕೊಂಡೇ ಇದನ್ನು ಗೀಚುತ್ತಿದ್ದೇನೆ. ಮನೆಗೆ ಎಷ್ಟು ಕೊಡುತ್ತೀ ಎಂದು ಎಲ್ಲರೂ ಕೇಳಿದೆವು. ನಿನಗೆ ಈ ಮನೆ ಬೇಕೇ ಎಂದು ಒಬ್ಬರೂ ಕೇಳಲಿಲ್ಲ. ಬೇಕೇನ, ಚಾಂದ್?