ಬೀಗ ಹಾಕಿದ ಪೆಟ್ರೋಲು

ತಮ್ಮಾ,

ಇವತ್ತು ಬೆಳಿಗ್ಗೆ ದೋಣಿಯ ಮೋಟರು ಮತ್ತೆ ಕೈಕೊಟ್ಟಿತು. ಭುಜ ಬಿದ್ದುಹೋಗುವಷ್ಟು ಸಲ ಹಗ್ಗ ಎಳೆದೆ. ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಯಾರೋ ಪೆಟ್ರೋಲಿಗೆ ಏನೋ ಬೆರೆಸಿದ್ದಾರೆ ಎಂದುಕೊಂಡೆ. ಮೊದಲು ಪಕ್ಕದ ದೋಣಿಯವನ ಮೇಲೆ ಅನುಮಾನ ಬಂತು. ಅಳಿಯ ನಗುತ್ತಾ ಎದುರಿಗೆ ಬಂದದ್ದೇ ತಡ, ಅವನ ಮೇಲೂ ಬಂತು.

ಮೆಕ್ಯಾನಿಕ್ ಬಂದು ಕಾರ್ಬುರೇಟರ್ ಬಿಚ್ಚಿದ. ಒಳಗೆಲ್ಲ ಗೋಂದಿನಂಥ ಅಂಟು.

"ಯಾವನು ಹಾಕಿದ್ದು ಇದನ್ನ?" ಎಂದೆ.

"ಯಾರೂ ಹಾಕಿಲ್ಲ ಯಜಮಾನ್ರೇ. ಐದು ತಿಂಗಳು ಟ್ಯಾಂಕಲ್ಲೇ ಬಿಟ್ರೆ ಪೆಟ್ರೋಲು ತಾನಾಗೇ ಕೆಟ್ಟು ಹೀಗಾಗುತ್ತೆ. ದೋಣಿ ನಿಲ್ಲಿಸೋ ಮುಂಚೆ ಖಾಲಿ ಮಾಡ್ಬೇಕಿತ್ತು."

"ಕಥೆ ಕಟ್ಬೇಡ."

"ಟ್ಯಾಂಕಿನ ಪೆಟ್ಟಿಗೆಗೆ ಬೀಗ, ಬೀಗದಕೈ ನಿಮ್ಮ ಸೊಂಟದಲ್ಲಿ. ಬೀಗದ ತೂತಲ್ಲಿ ನುಗ್ಗೋಕೆ ಬೆರೆಸೋನೇನು ಇರುವೆನಾ?"

ನಿನ್ನನ್ನು ಓಡಿಸಿದ ಮಾರನೆಯ ದಿನ ಹಾಕಿದ ಬೀಗ ಅದು. ಆ ವರ್ಷವೂ ದೋಣಿ ಐದು ತಿಂಗಳು ದಡದಲ್ಲೇ ಇತ್ತು. ಮೋಟರಿನಲ್ಲಿ ಇದೇ ಅಂಟು ಇತ್ತು. "ಅಣ್ಣಾ, ನಾನು ಮುಟ್ಟೇ ಇಲ್ಲ" ಎಂದು ನೀನು ಮೂರು ಸಲ ಹೇಳಿದೆ. ನಾನು ಹತ್ತು ಜನರೆದುರು ನಿನ್ನ ಬಟ್ಟೆಗಂಟನ್ನು ನೀರಿಗೆಸೆದೆ.

ತೊಳೆದು ಹೊಸ ಪೆಟ್ರೋಲು ಹಾಕಿದ ಮೇಲೆ ಎರಡನೇ ಎಳೆತಕ್ಕೇ ಮೋಟರು ಶುರುವಾಯಿತು. ನಾನು ದೋಣಿ ಹತ್ತಲಿಲ್ಲ.

ನಿನ್ನ ವಿಳಾಸ ತಂಗಿಯ ಹತ್ತಿರ ಇದೆಯೆಂದು ಗೊತ್ತು. ಮಧ್ಯಾಹ್ನ ಅವಳಿಗೆ ಫೋನು ಮಾಡಿದೆ.

"ಏನಣ್ಣಾ, ಅಪರೂಪಕ್ಕೆ?" ಎಂದಳು.

ಮೋಟರು ಸರಿಹೋಯಿತು ಎಂದು ಹೇಳಿ ಇಟ್ಟುಬಿಟ್ಟೆ.